ಮೊದಲ ರೊಟ್ಟಿಯ ಬೆಣ್ಣೆ

ಆ ದಿನ ಮೊದಲ ರೊಟ್ಟಿ ಹಂಪೇಶನ ತಟ್ಟೆಗೆ ಬಿತ್ತು.

ಪಾರ್ವತಿನಗರದ ಆ ಮನೆಯಲ್ಲಿ ಅದು ಸಣ್ಣ ಸಂಗತಿಯಲ್ಲ. ಅಪ್ಪ ದೊಡ್ಡಬಸಪ್ಪ ಇದ್ದಾಗ ಹಂಚಿನಿಂದ ಇಳಿದ ಮೊದಲ ರೊಟ್ಟಿ ಅವನದು. ಅವ್ವ ಕೊಟ್ರಬಸಮ್ಮ ಬಿಸಿ ರೊಟ್ಟಿಯ ನಡುವೆ ಹೆಬ್ಬೆರಳಿನಿಂದ ಒಂದು ಕುಳಿ ಒತ್ತಿ, ಅದರಲ್ಲಿ ಬೆಣ್ಣೆಯ ಮುದ್ದೆಯಿಟ್ಟು, ಕರಗುವ ಮೊದಲೇ ಗಂಡನ ಮುಂದೆ ಸರಿಸುತ್ತಿದ್ದಳು. ಒಂದು ಬೆಳಿಗ್ಗೆ ಅಪ್ಪ ಕುರುಗೋಡಿನ ಹೊಲದ ದಾರಿಯಲ್ಲಿ ಕುಸಿದು ಬಿದ್ದವನು ಮತ್ತೆ ಏಳಲಿಲ್ಲ. ಶಿವಗಣಾರಾಧನೆ ಮುಗಿದ ಮರುದಿನ ಅವ್ವ ಅದೇ ರೊಟ್ಟಿಯನ್ನು ದೊಡ್ಡ ಮಗ ಚನ್ನಬಸವರಾಜನ ತಟ್ಟೆಗೆ ಹಾಕಿದಳು. ಅವನಿಗೆ ಆಗಷ್ಟೇ ಮೀಸೆ ಬಂದಿತ್ತು. ಹಂಪೇಶ ಇನ್ನೂ ಕನ್ನಡ ಸಾಲೆಗೆ ಹೋಗುತ್ತಿದ್ದ. ಅವನಿಗೆ ಎರಡನೆಯ ರೊಟ್ಟಿ, ಶೇಂಗಾ ಪುಡಿ, ಎಣ್ಣೆ. ಎರಡನೆಯದೂ ಅಷ್ಟೇ ಬಿಸಿ ಇರುತ್ತಿತ್ತು. ಹಂಪೇಶ ಅದನ್ನು ಎಂದೂ ಒಪ್ಪಲಿಲ್ಲ. ಬಾಯಿಬಿಟ್ಟು ಹೇಳಲೂ ಇಲ್ಲ.

ಈಗ ಅವನಿಗೆ ನಲವತ್ತು ದಾಟಿದೆ. ತಟ್ಟೆಯಲ್ಲಿ ಕರಗುತ್ತಿದ್ದ ಬೆಣ್ಣೆಯನ್ನು ನೋಡಿ, "ಅಣ್ಣಗ?" ಎಂದ.

"ಅವಗ ಇನ್ನ ಬ್ಯಾಡಂತ ಡಾಕ್ಟರ್ ಹೇಳ್ಯಾರ," ಎಂದಳು ಅವ್ವ, ಮುಂದಿನ ರೊಟ್ಟಿ ಬಡಿಯುತ್ತಾ. "ಬೆಣ್ಣಿ ಡಬ್ಬಿ ತುಂಬ ಬಂದೈತಿ. ಕೆಡಿಸಾಕ ಆಕ್ಕೈತೇನು? ನೀ ತಿನ್ನು."

ಎದುರಿಗೆ ಕೂತಿದ್ದ ಅಣ್ಣ ಒಣ ರೊಟ್ಟಿ ಮುರಿದು ಬೇಯಿಸಿದ ಸೊಪ್ಪಿನಲ್ಲಿ ಅದ್ದಿದ.

ಇದಕ್ಕೆಲ್ಲ ಕಾರಣ ಜಂಬಣ್ಣನ ಸಾವು. ಕುರುಗೋಡಿನಲ್ಲಿದ್ದ ಚಿಕ್ಕಪ್ಪನ ಮಗ. ಹಂಪೇಶನಿಗಿಂತ ಒಂದೆರಡು ವರ್ಷ ದೊಡ್ಡವನು. ಎದೆನೋವು, ಆಯಾಸ ಎಂದು ಒಂದು ದಿನವೂ ಅಂದವನಲ್ಲ. ಬೈಕಿಗೆ ಪೆಟ್ರೋಲ್ ಹಾಕಿಸಿಕೊಳ್ಳುತ್ತ ನಿಂತವನು ಹಾಗೆಯೇ ಕೆಳಗೆ ಕೂತ, ಅಷ್ಟೆ. ಮಣ್ಣಿಗೆ ಹೋಗಿ ಬಂದ ಮೇಲೆ ಓಣಿಯ ಡಾಕ್ಟರು ಅಣ್ಣ ತಮ್ಮ ಇಬ್ಬರನ್ನೂ ಕೂರಿಸಿಕೊಂಡು, "ನಿಮ್ಮ ತಂದೆಯೂ ಹಾಗೆ, ಇವರೂ ಹೀಗೆ. ನೋವು ಬರಲಿ ನೋಡೋಣ ಅಂತ ಕಾಯಬೇಡಿ. ಆರಾಮಾಗಿ ಇದ್ದಾಗಲೇ ಇಬ್ಬರೂ ಒಮ್ಮೆ ಹೃದಯದ ತಪಾಸಣೆ ಮಾಡಿಸಿ," ಎಂದಿದ್ದರು.

ಇಬ್ಬರೂ ಎಂದೇ ಅವರು ಹೇಳಿದ್ದು. ಮನೆಗೆ ಬಂದು ಹೇಳಿದಾಗ ಅವ್ವ, "ದೊಡ್ಡಾತ ಮೊದಲು ಹೋಗಿ ಬರಲಿ," ಎಂದಳು.

ಚನ್ನಬಸವರಾಜ ಗಾಂಧಿನಗರದ ಆಸ್ಪತ್ರೆಗೆ ಹೋಗಿ ಬಂದ. ರಕ್ತ ನೋಡಿದರು, ಯಂತ್ರದ ಮೇಲೆ ಓಡಿಸಿದರು. ಓಡುವುದರಲ್ಲಿ ಅವನು ಗೆದ್ದ. ಕೊನೆಗೆ ಸ್ಕ್ಯಾನ್ ಮಾಡಿದಾಗ ಹೃದಯದ ರಕ್ತನಾಳಗಳಲ್ಲಿ ಅಲ್ಲಲ್ಲಿ ಕ್ಯಾಲ್ಸಿಯಂ ಕಟ್ಟಿಕೊಂಡಿದ್ದು ಕಂಡಿತು. ಭಯವಿಲ್ಲ, ಬೇಗ ಗೊತ್ತಾಗಿದ್ದು ಒಳ್ಳೆಯದಾಯಿತು, ದಿನಾ ಒಂದು ಗುಳಿಗೆ, ನಡಿಗೆ, ಬೆಣ್ಣೆ ತುಪ್ಪ ಉಪ್ಪು ಕಡಿಮೆ, ವರ್ಷಕ್ಕೊಮ್ಮೆ ಬನ್ನಿ ಎಂದು ಕಳಿಸಿದ್ದರು.

"ಬೋರಿನ ನೀರಿಗೆ ಪೈಪಿನಾಗ ಸುಣ್ಣ ಕಟ್ತೈತಲ್ಲ, ಹಂಗಂತ," ಎಂದು ಅವ್ವ ಪಕ್ಕದ ಮನೆಯವರಿಗೆಲ್ಲ ಹೇಳಿದಳು. ಹೇಳುವಾಗ ಅವಳ ದನಿಯಲ್ಲಿ ಹೆದರಿಕೆಯ ಜೊತೆ ಇನ್ನೇನೋ ಇರುತ್ತಿತ್ತು. ಹಂಪೇಶ ಮನೆಯ ಹಿಂದಿನ ಶೆಡ್ಡಿನಲ್ಲಿ ಜೀನ್ಸ್ ಪ್ಯಾಂಟಿನ ಬಂಡಲ್ ಕಟ್ಟುತ್ತಲೇ ಅದನ್ನು ಕೇಳಿಸಿಕೊಳ್ಳುತ್ತಿದ್ದ.

ಆ ಶೆಡ್ಡೇ ಅವರ ಹೊಟ್ಟೆಪಾಡು. ಅಂಗಡಿಯವರು ಕತ್ತರಿಸಿ ಕೊಟ್ಟ ಬಟ್ಟೆಯನ್ನು ಹೊಲಿದು ಕೊಡುವ ಕೆಲಸ. ಅಣ್ಣ ಆರ್ಡರ್ ತರುವುದು, ಬಂಡಲ್ ಹೊತ್ತು ಹಾಕುವುದು; ತಮ್ಮ ಮೆಷಿನ್ ನೋಡಿಕೊಳ್ಳುವುದು. ಸ್ಕ್ಯಾನ್ ಆದ ಮೇಲೆ ಅವ್ವ ಶೆಡ್ಡಿನ ಬಾಗಿಲಿಗೇ ಬಂದು ನಿಂತಳು.

"ಚನ್ನಬಸ್ಯಾ, ಅದನ್ನ ಇಳಿಸು. ಹಂಪೇಶ ಹೊರ್ತಾನ."

"ಅವ್ವಾ, ಡಾಕ್ಟರು ಭಾರ ಎತ್ತಬ್ಯಾಡ ಅಂದಿಲ್ಲ," ಎಂದ ಅಣ್ಣ.

"ಅವರು ಅನ್ನದಿದ್ರ ನಾ ಅಂತೀನಿ."

ಹಂಪೇಶ ಹೊತ್ತ. ವಾರಗಟ್ಟಲೆ ಹೊತ್ತ. ಸಂಜೆ ಅಣ್ಣ ನಡೆಯಲು ಹೊರಟಾಗ ಅವ್ವ ಸೆರಗು ಹೊದ್ದು ಜೊತೆಗೆ ಹೊರಡುತ್ತಿದ್ದಳು. ಗುಡಿಗೆ ಹೋಗಲೂ ಆಟೋ ಬೇಕೆನ್ನುತ್ತಿದ್ದ ಮುದುಕಿ ಪಾರ್ಕಿನ ಸುತ್ತ ಮಗನ ಜೊತೆ ನಡೆದಳು.

ಅಡಿಗೆಮನೆಯೂ ಬದಲಾಯಿತು. ಬೆಳಗಿನ ರೊಟ್ಟಿಯೊಂದನ್ನು ಬಿಟ್ಟು ಒಲೆಯ ಕಡೆ ಬರುವುದನ್ನೇ ಬಿಟ್ಟಿದ್ದ ಅವ್ವ, ದೊಡ್ಡ ಮಗನ ಸಾರನ್ನು ತಾನೇ ಮಾಡತೊಡಗಿದಳು. ಸಣ್ಣ ಪಾತ್ರೆ, ಬೇಳೆ, ಬೆಳ್ಳುಳ್ಳಿ, ಚೂರೇ ಚೂರು ಉಪ್ಪು. ಇದು ಮೊದಲು ಚುಚ್ಚಿದ್ದು ಹಿರಿಯ ಸೊಸೆ ಶೀಲಾಳಿಗೆ.

"ಮದುವಿ ಆದಾಗಿಂದ ಈ ಮನುಷ್ಯಾಗ ಅಡಿಗಿ ಮಾಡೀನಿ," ಎಂದು ಅವಳು ಪಾತ್ರೆ ತಿಕ್ಕುತ್ತ ಒಂದು ದಿನ ಗಟ್ಟಿಯಾಗಿಯೇ ಅಂದಳು. "ಉಪ್ಪು ಕಮ್ಮಿ ಹಾಕಾಕ ನನಗ ಬರಾದಿಲ್ಲೇನು?"

"ಬಂದಿದ್ರ ಸುಣ್ಣ ಯಾಕ ಕಟ್ತಿತ್ತು?" ಎಂದಳು ಅತ್ತೆ.

"ದಿನಾ ಮುಂಜಾನಿ ರೊಟ್ಟಿಗಿ ಬೆಣ್ಣಿ ಒತ್ತಿದಾಕಿ ನಾನೇನ್ರಿ ಅತ್ತಿ?"

ಅವ್ವನ ಕೈ ಅಲ್ಲೇ ನಿಂತಿತು. ಕಿರಿಯ ಸೊಸೆ ಚೈತ್ರಾ ನಡುವೆ ಬಾಯಿ ಹಾಕಿದಳು: "ಆ ಒಲಿ ಅತ್ತಿದು, ಈ ಒಲಿ ನನ್ನದು. ನಿನಗ ಒಲಿ ಇಲ್ಲಕ್ಕಾ, ಹೋಗಿ ಮೆಷಿನ್ ಮ್ಯಾಲ ಕುಂದರು. ನಾ ಬರೋತನ ನಾಕು ಪ್ಯಾಂಟ್ ಹೊಲಿ."

ಶೀಲಾ ನಗಲಿಲ್ಲ. ಅವ್ವ ಶೀಲಾಳ ಬೆಣ್ಣೆಯ ಮಾತನ್ನು ನುಂಗಿಕೊಂಡಳು. ಅದು ಎಲ್ಲಿ ಹೋಗಿ ಕೂತಿತೆಂದು ಆಗ ಯಾರಿಗೂ ಗೊತ್ತಾಗಲಿಲ್ಲ.

ಹಂಪೇಶ ದಿನಾ ಬೆಣ್ಣೆ ತಿಂದ. ಮೊದಲ ವಾರ ರುಚಿಯೆನಿಸಿತು. ಆಮೇಲೆ ತಿನ್ನುವಾಗ ಅವ್ವನ ಕಣ್ಣು ತನ್ನ ತಟ್ಟೆಯ ಮೇಲಿಲ್ಲ ಎಂಬುದು ಕಂಡಿತು. ಬೆಣ್ಣೆಯನ್ನು ಇವನ ತಟ್ಟೆಗೆ ಹಾಕಿ ಅವಳು ಅಣ್ಣನ ಬಟ್ಟಲು ನೋಡುತ್ತಿದ್ದಳು. "ಸೇರತೈತೇನಪ್ಪಾ? ಇನ್ನೊಂದು ಸ್ವಲ್ಪ ಹಾಕಲ್ಯಾ?" ಅಣ್ಣ ಮುಖ ಕಿವಿಚಿ ಸಾರು ಕುಡಿಯುತ್ತಿದ್ದ. ಇಷ್ಟು ವರ್ಷ ಬೇಕೆಂದಿದ್ದು ಕೈಗೆ ಬಂದ ದಿನವೇ ಅದರ ಬೆಲೆ ಬೇರೆ ಬಟ್ಟಲಿಗೆ ಹೋಗಿಬಿಟ್ಟಿತ್ತು.

ಸಿರುಗುಪ್ಪಕ್ಕೆ ಕೊಟ್ಟಿದ್ದ ಅಕ್ಕ ವಿರೂಪಮ್ಮ ಒಂದು ಸೋಮವಾರ ಬಂದಳು. ಬೆಣ್ಣೆ ಡಬ್ಬಿ ಕಳಿಸುತ್ತಿದ್ದವಳು ಅವಳೇ. ಮನೆಯಲ್ಲಿ ಎಮ್ಮೆ ಕಟ್ಟಿದ್ದಳು. ಬಸ್‌ಸ್ಟ್ಯಾಂಡಿನಿಂದ ಅವಳ ಚೀಲ ಹೊತ್ತು ತಂದದ್ದು ಹಂಪೇಶ. ಅವಳು ಬಾಗಿಲಲ್ಲಿ ಚಪ್ಪಲಿ ಬಿಟ್ಟವಳೇ ಅಣ್ಣನ ಪಕ್ಕ ಕೂತು ಅವನ ಎದೆಯ ಮೇಲೆ ಅಂಗೈ ಇಟ್ಟಳು.

"ನೋಯ್ತೈತೇನಣ್ಣಾ?"

"ಇಲ್ಲವ್ವಾ. ನೋವಿಲ್ಲದ್ದು ಅದು."

"ನೋವಿಲ್ಲದ್ದೇ ಕೆಟ್ಟದ್ದು," ಎಂದು ಅವಳು ಕಣ್ಣೊರೆಸಿಕೊಂಡು ಚೀಲ ಬಿಚ್ಚಿದಳು. ನವಣೆ, ಅಗಸಿ ಪುಡಿ, ಹೊಲದ ಸೊಪ್ಪು. ಎಲ್ಲ ಅಣ್ಣನಿಗೆ.

"ನನಗೇನು ತಂದಿ ಅಕ್ಕಾ?" ಹಂಪೇಶ ನಗುತ್ತಲೇ ಕೇಳಿದ.

"ನಿನಗೇನಪ್ಪಾ, ಕುದುರಿ ಇದ್ದಂಗ ಅದೀ. ಬೆಣ್ಣಿ ತಿಂತಿಯಂತಲ್ಲ ಈಗ."

ಎಲ್ಲರೂ ನಕ್ಕರು. ಕಾಲೇಜಿಗೆ ಹೋಗುವ ಅವನ ಮಗಳು ಪಂಪಾ ಕೂಡ ನಕ್ಕಳು. ಅಂದು ಊಟಕ್ಕೆ ಕೂತಾಗ ಹಂಪೇಶ, "ನಾನೂ ಹೋಗಿ ತಪಾಸಣಿ ಮಾಡಿಸ್ತೀನಿ," ಎಂದ.

"ಮಾಡಿಸಪ್ಪಾ," ಎಂದಳು ಅವ್ವ, ಅಣ್ಣನಿಗೆ ಮಜ್ಜಿಗೆ ಬಗ್ಗಿಸುತ್ತ. "ಹೆಂಗಿದ್ರೂ ಡಾಕ್ಟರ್ ಹೇಳಿದ್ರಲ್ಲ."

ಅಷ್ಟೇ. ಯಾವಾಗ, ಯಾರ ಜೊತೆ ಎಂದು ಕೇಳಲಿಲ್ಲ. ಚೈತ್ರಾ ಬರುತ್ತೇನೆಂದಳು. ಆ ದಿನ ಹೊಲಿದ ಪ್ಯಾಂಟುಗಳನ್ನು ವಾಷಿಂಗ್ ಘಟಕಕ್ಕೆ ಕಳಿಸಬೇಕಿತ್ತು, ಅವಳು ಉಳಿಯಬೇಕಾಯಿತು. ಹಂಪೇಶ ಒಬ್ಬನೇ ಹೋದ.

ಸ್ಕ್ಯಾನಿನ ಮೇಜಿನ ಮೇಲೆ ಮಲಗಿ ಉಸಿರು ಹಿಡಿದಾಗ ಅವನು ಬೇಡಿಕೊಂಡದ್ದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ.

"ಸೊನ್ನೆ," ಎಂದರು ಡಾಕ್ಟರು, ಕಂಪ್ಯೂಟರಿನ ಕಡೆ ತಿರುಗಿ. "ಕ್ಯಾಲ್ಸಿಯಂ ಏನೂ ಇಲ್ಲ. ನಿಮ್ಮ ಮನೆತನ ನೋಡಿದರೆ ಬಹಳ ಒಳ್ಳೆ ಸುದ್ದಿ."

"ಸ್ವಲ್ಪನೂ ಇಲ್ಲೇನ್ರಿ?"

ಡಾಕ್ಟರು ಅವನ ಮುಖ ನೋಡಿದರು. "ಇಲ್ಲ. ಸೊನ್ನೆ ಬಂತು ಅಂತ ಬೇಕಾದ್ದು ತಿನ್ನೋದಲ್ಲ ಮತ್ತೆ. ಬಿ.ಪಿ. ಅಂಚಿಗಿದೆ. ಉಪ್ಪು, ಬೆಣ್ಣೆ ಮಿತಿಯಲ್ಲಿರಲಿ, ದಿನಾ ನಡೀರಿ. ಕೆಲವು ವರ್ಷ ಬಿಟ್ಟು ಇನ್ನೊಮ್ಮೆ ನೋಡೋಣ."

ಹೊರಗೆ ಬಂದು ಅವನು ತಳ್ಳುಗಾಡಿಯ ಮುಂದೆ ನಿಂತು ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ತಿಂದ. ಪಕ್ಕದಲ್ಲಿ ಯಾರೋ ಇಬ್ಬರು ಮೆಣಸಿನಕಾಯಿಯ ಖಾರದ ಬಗ್ಗೆ ಜಗಳವಾಡುತ್ತಿದ್ದರು. ಅವನಿಗೆ ಖಾರವೇ ಹತ್ತಲಿಲ್ಲ. ಮನೆಗೆ ಹೋಗಿ ಏನು ಹೇಳುವುದು? ನನಗೇನೂ ಇಲ್ಲ, ನನ್ನನ್ನು ನೋಡಬೇಕಾದ್ದಿಲ್ಲ. ಅದನ್ನು ಹೇಳಲು ಇಷ್ಟು ದೂರ ಬರಬೇಕಿತ್ತೇ?

ಬಾಗಿಲಲ್ಲಿ ಅವ್ವ ಸೊಪ್ಪು ಸೋಸುತ್ತಿದ್ದಳು. ತಲೆ ಎತ್ತದೆ, "ಏನಂದ್ರು?" ಎಂದಳು.

ಅವಳು ತಲೆ ಎತ್ತದಿದ್ದದ್ದೇ ಸಾಕಾಯಿತು.

"ನನಗೂ ಐತಂತ," ಎಂದ ಹಂಪೇಶ. ಅವ್ವ ತಲೆ ಎತ್ತಿದಳು. ಅವನ ನಾಲಗೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: "ಅಣ್ಣಗಿಂತ ಸ್ವಲ್ಪ ಜಾಸ್ತಿನೇ ಐತಂತ."

ಮನೆ ಒಮ್ಮೆಲೇ ಅವನ ಕಡೆ ತಿರುಗಿತು. ಚೈತ್ರಾ ಮೆಷಿನ್ ನಿಲ್ಲಿಸಿ ಓಡಿ ಬಂದಳು. ಪಂಪಾ, "ರಿಪೋರ್ಟ್ ಎಲ್ಲೈತಪ್ಪಾ?" ಎಂದಳು. "ಆಸ್ಪತ್ರಿಯಾಗ ಐತಿ." "ಗುಳಿಗಿ?" "ಮುಂದಿನ ಸಲ ಕೊಡ್ತಾರಂತ." ದಿನಾ ಮೊಬೈಲಿಗಾಗಿ ಅಪ್ಪನ ಜೊತೆ ಹೊಡೆದಾಡುತ್ತಿದ್ದ ಹುಡುಗಿ ನೀರು ತಂದು ಕೊಟ್ಟಳು. ಮರುದಿನ ಶೆಡ್ಡಿನಲ್ಲಿ ಅಣ್ಣ ಇವನ ಹೆಗಲ ಮೇಲಿನ ಬಂಡಲನ್ನು ಇಳಿಸಿ ತಾನು ಹೊತ್ತ. ಊಟಕ್ಕೆ ಕೂತಾಗ ಅವ್ವ ಎರಡು ಬಟ್ಟಲು ಇಟ್ಟಳು. ಉಪ್ಪಿಲ್ಲದ ಸಾರು ಬಾಯಿಗೆ ಹತ್ತುವಂತಿರಲಿಲ್ಲ. ಹಂಪೇಶ ಎರಡು ಸಲ ಹಾಕಿಸಿಕೊಂಡ.

ಸಂಜೆ ನಡೆಯಲು ಅಣ್ಣ ತಮ್ಮ ಇಬ್ಬರೇ ಹೋದರು. ಅವ್ವ ಕಾಲು ನೋವೆಂದು ಬರಲಿಲ್ಲ. ಪಾರ್ಕಿನ ಕಲ್ಲುಬೆಂಚಿನ ಹತ್ತಿರ ಅಣ್ಣ ನಿಂತ.

"ಒಂದು ಮಾತು ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ. ನಿನ್ನ ತಟ್ಟಿಗೆ ಬೆಣ್ಣಿ ಬಿದ್ದಾಗ ನನಗ ಹೊಟ್ಟಿ ಉರೀತಿತ್ತು."

"ನಿನಗಾ?"

"ನಿನಗ ದೊಡ್ಡ ಮುದ್ದಿ ಇಡ್ತಿದ್ಲು ಅವ್ವ. ನನಗ ಅಷ್ಟು ಎಂದೂ ಇಟ್ಟಿರಲಿಲ್ಲ."

"ಕೆಡತೈತಂತ ಇಟ್ಲು, ಅಷ್ಟ."

"ಇರಬಹುದು," ಎಂದ ಅಣ್ಣ. "ಈಗ ನಿನಗೂ ಹಿಂಗಾತು ಅಂದ ಮ್ಯಾಲ ಆ ಉರಿ ನೆನೆಸ್ಕೊಂಡ್ರ ನಾಚಿಕಿ ಬರ್ತೈತಲೇ."

ಹೇಳಬೇಕಾದ ಜಾಗ ಅದಾಗಿತ್ತು. ಹಂಪೇಶ ಚಪ್ಪಲಿಯಿಂದ ಒಂದು ಕಲ್ಲು ಸರಿಸಿದ. ಇಬ್ಬರೂ ಮತ್ತೆ ನಡೆದರು.

ಆ ವಾರ ಮುಗಿಯುವಷ್ಟರಲ್ಲಿ ಒಂದು ಬೆಳಿಗ್ಗೆ ಅವ್ವ ಹಂಚಿನ ಮುಂದೆ ಬರಲಿಲ್ಲ. ಶೀಲಾ ರೊಟ್ಟಿ ಬಡಿದಳು. ಕರೆದರೆ ಅವ್ವ, "ಹಸಿವಿಲ್ಲ," ಎಂದಳು. ಮಧ್ಯಾಹ್ನವೂ ಅದೇ ಮಾತು. ಮರುದಿನ ಒಂದು ಲೋಟ ಮಜ್ಜಿಗೆ ಮಾತ್ರ ಕುಡಿದು ಗೋಡೆಗೆ ಮುಖ ಮಾಡಿ ಮಲಗಿದಳು. ಬೆಣ್ಣೆ ಡಬ್ಬಿಯನ್ನು ಪಕ್ಕದ ಮನೆಗೆ ಕೊಟ್ಟಿದ್ದಳು. ಇನ್ನು ಕಳಿಸಬೇಡವೆಂದು ವಿರೂಪಮ್ಮನಿಗೆ ಫೋನ್ ಮಾಡಿಸಿದ್ದಳು.

ಪಂಪಾ ಶೆಡ್ಡಿಗೆ ಬಂದು ಅಪ್ಪನ ಎದುರು ನಿಂತಳು. "ಅಜ್ಜಿ ತನ್ನ ಹೆಬ್ಬೆರಳು ನೋಡ್ಕೊಂತ ಕುಂತಾಳಪ್ಪಾ. ಏನಾತಜ್ಜಿ ಅಂದ್ರ, ಇದನ್ನ ಸುಡಬೇಕು ಅಂತಾಳ."

ಹಂಪೇಶ ಒಳಗೆ ಹೋದ. ಅವ್ವ ಚಾಪೆಯ ಮೇಲೆ ಎದ್ದು ಕೂತಿದ್ದಳು.

"ದೊಡ್ಡಾತನ ತಟ್ಟಿಂದ ತೆಗೆದು ನಿನ್ನ ತಟ್ಟಿಗೆ ಹಾಕಿದೆ," ಎಂದಳು, ಅವನ ಕಡೆ ನೋಡದೆ. "ಒಬ್ಬಗ ವಿಷ ಅಂದದ್ದು ಇನ್ನೊಬ್ಬಗ ಹೆಂಗ ಅಮೃತ ಆಕ್ಕೈತಿ? ಅಷ್ಟು ಬುದ್ಧಿ ಬ್ಯಾಡೇನು ನನಗ? ನಿಮ್ಮಪ್ಪಗ ಇದೇ ಕೈಲೆ ಹಾಕೀನಿ. ಶೀಲಾ ಅಂದಿದ್ದು ಖರೇನೇ ಐತಿ."

"ಅವ್ವಾ, ಬೆಣ್ಣಿಯಿಂದ ಆಗಿದ್ದಲ್ಲ."

"ನಿನಗೇನು ಗೊತ್ತು? ನಾಳಿ ನನ್ನ ಆಸ್ಪತ್ರಿಗಿ ಕರ್ಕೊಂಡು ಹೋಗು. ನಾನೇ ಕೇಳ್ತೀನಿ."

"ನೀ ಯಾಕ? ಉಂಡು ಮಲಗು ಸುಮ್ನ."

"ಕೇಳೋ ತನ ಉಣ್ಣಾದಿಲ್ಲ."

ಹೇಳಿಬಿಡು ಎಂದು ಒಳಗಿನಿಂದ ಏನೋ ತಳ್ಳಿತು. ಬಾಗಿಲಲ್ಲಿ ಚೈತ್ರಾ, ಶೀಲಾ ಇಬ್ಬರೂ ನಿಂತಿದ್ದರು. ಅವರ ಹಿಂದೆ ಅಣ್ಣ. ಹಂಪೇಶ, "ಆತು, ಹೋಗೋಣ," ಎಂದ.

ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರ ಮುಂದೆ ಅವ್ವ ಕುರ್ಚಿಯ ತುದಿಯಲ್ಲಿ ಕೂತಳು. ಕೂತವಳೇ ಬಲಗೈ ಮುಂದೆ ಚಾಚಿದಳು, ನಾಡಿ ತೋರಿಸುವವಳ ಹಾಗೆ.

"ಈ ಕೈಲೆ ಇವಗ ಬೆಣ್ಣಿ ತಿನಿಸೀನ್ರಿ. ದೊಡ್ಡ ಮಗಂದು ಇಷ್ಟು ವಾರ ಇವಗ ಹಾಕಿದೆ. ಅದಕ್ಕ ಇವಗೂ ಕಟ್ಟಿತೇನು? ಖರೇ ಹೇಳ್ರಿ ಸರ. ನಾ ಹೆದರಾದಿಲ್ಲ."

ಡಾಕ್ಟರು ಹಂಪೇಶನ ಹೆಸರು ಕೇಳಿ ಕಂಪ್ಯೂಟರಿನಲ್ಲಿ ನೋಡಿದರು. "ಅಮ್ಮಾ, ಇದು ಕೆಲವು ವಾರದ ಬೆಣ್ಣೆಯಿಂದ ಬರೋದಲ್ಲ. ವರ್ಷಗಟ್ಟಲೆ ಹಿಡಿಯುತ್ತೆ. ಮನೆತನದ್ದೂ ಇರುತ್ತೆ, ಬೇರೆ ಕಾರಣಗಳೂ ಇರುತ್ತವೆ. ಅದಿರಲಿ, ಇವರಿಗೆ ಏನೂ ಕಟ್ಟಿಲ್ಲವಲ್ಲ. ಇವರದು ಸೊನ್ನೆ. ನಾನೇ ಹೇಳಿ ಕಳಿಸಿದ್ದೆ." ಅವರು ಹಂಪೇಶನ ಕಡೆ ತಿರುಗಿದರು. "ಹೇಳಿರಲಿಲ್ಲವಾ?"

ಹಂಪೇಶ ಗೋಡೆಯ ಮೇಲಿದ್ದ ಹೃದಯದ ಚಿತ್ರವನ್ನು ನೋಡುತ್ತಿದ್ದ.

ಅವ್ವ ಚಾಚಿದ ಕೈಯನ್ನು ನಿಧಾನವಾಗಿ ಹಿಂದೆ ತೆಗೆದುಕೊಂಡು ಸೆರಗಿನಲ್ಲಿ ಮುಚ್ಚಿದಳು. "ಹೇಳಿದ್ದನ್ರಿ," ಎಂದಳು. "ನನಗ ಕಿವಿ ಮಂದ. ನಾನೇ ಸರಿಯಾಗಿ ಕೇಳಿಸ್ಕೊಂಡಿಲ್ಲ."

ಅವಳ ಕಿವಿ ಮೂರು ಮನೆಯಾಚೆ ಹಾಲಿನವನು ಬಂದರೆ ಕೇಳುವಂಥದು.

ಇಬ್ಬರೂ ಆಟೋ ಹತ್ತಿದರು. ಮೋತಿ ಸರ್ಕಲ್ ದಾಟಿತು. ಬಿಸಿಲು ಮೊಣಕಾಲಿನ ಮೇಲೆ ಬಿದ್ದಿತ್ತು. ಓಣಿಗೆ ತಿರುಗುವಾಗ ಅವ್ವ ಹೊರಗೆ ನೋಡುತ್ತಲೇ ಕೇಳಿದಳು:

"ಅಷ್ಟು ಸಪ್ಪನ ಸಾರಿಗೆ ಆಸಿ ಬಿದ್ದೇನೋ?"

ಹಂಪೇಶ ಆಟೋದವನಿಗೆ ಕೊಡಲು ಜೇಬಿನಿಂದ ದುಡ್ಡು ತೆಗೆದ. ಇಳಿಯುವಾಗ ಅವ್ವ ಅವನ ಭುಜ ಹಿಡಿದು ಇಳಿದಳು.

ಮನೆಯವರೆಲ್ಲ ಬಾಗಿಲಲ್ಲಿದ್ದರು. "ಏನಂದ್ರು ಅತ್ತಿ?" ಎಂದಳು ಚೈತ್ರಾ. ಅವಳ ಕಣ್ಣುಗಳು ಊದಿಕೊಂಡಿದ್ದವು. ಅಣ್ಣ ಕೈಯಲ್ಲಿ ದಾರದ ಉಂಡೆ ಹಿಡಿದುಕೊಂಡೇ ನಿಂತಿದ್ದ.

ಹಂಪೇಶ ಬಾಯಿ ತೆರೆದ. ಅವ್ವ ಅವನಿಗಿಂತ ಮೊದಲು ಮಾತಾಡಿದಳು.

"ಹೆದರೋವಂಥದ್ದು ಏನೂ ಇಲ್ಲಂತ. ಗುಳಿಗಿನೂ ಬ್ಯಾಡಂತ. ಉಪ್ಪು, ಬೆಣ್ಣಿ ಕಮ್ಮಿ ಮಾಡಿ ನಡೆದಾಡಿದ್ರ ಸಾಕಂತ."

"ಮೊದಲು ಜಾಸ್ತಿ ಐತಿ ಅಂದಿದ್ರಲ್ಲ," ಎಂದ ಅಣ್ಣ.

"ಡಾಕ್ಟರಿಗಿಂತ ನಿನಗ ಹೆಚ್ಚು ಗೊತ್ತೈತೇನು?" ಎಂದು ಅವ್ವ ಒಳಗೆ ನಡೆದಳು. "ಶೀಲಾ, ಬ್ಯಾಳಿ ಇಡು. ಇನ್ನ ಎರಡೆರಡು ಸಾರು ಬ್ಯಾಡ. ಎಲ್ಲಾರಿಗೂ ಒಂದೇ. ಉಪ್ಪು ನೀನೇ ನೋಡಿ ಹಾಕು. ನನಗೂ ಒಂದು ತಟ್ಟಿ ಇಡು, ಹಸಿವಾಗೈತಿ."

ಶೀಲಾ ಒಂದು ಕ್ಷಣ ಅತ್ತೆಯ ಬೆನ್ನು ನೋಡಿ ಬೇಳೆಯ ಡಬ್ಬಿಗೆ ಕೈ ಹಾಕಿದಳು. ಚೈತ್ರಾ ಗಂಡನ ಮುಖವನ್ನು ಬಹಳ ಹೊತ್ತು ನೋಡಿದಳು. ಅವಳಿಗೆ ಎಷ್ಟು ಗೊತ್ತಾಯಿತೋ.

ಮರುದಿನ ಬೆಳಿಗ್ಗೆ ಅವ್ವ ಹಂಚಿನ ಮುಂದೆ ಮಣೆ ಹಾಕಿ ಕೂತಳು. ಅಣ್ಣ ತಮ್ಮ ಎದುರುಬದುರು ಕೂತರು. ಮೊದಲ ರೊಟ್ಟಿ ಉಬ್ಬಿತು. ಅವಳು ಅದನ್ನಿಳಿಸಿ ಬಟ್ಟೆಯ ಮೇಲಿಟ್ಟಳು; ಯಾರ ತಟ್ಟೆಗೂ ಹಾಕಲಿಲ್ಲ. ಇಬ್ಬರೂ ಕಾದರು. ಎರಡನೆಯದನ್ನು ಬಡಿದು, ಸುಟ್ಟು, ಅದರ ಮೇಲೇ ಇಟ್ಟು, ಮೊದಲಿನದು ಯಾವುದೆಂದು ತಿಳಿಯದ ಹಾಗೆ ಎರಡನ್ನೂ ಕೈಯಲ್ಲಿ ತಿರುವಿ ಹಾಕಿದಳು. ಆಮೇಲೆ ಒಂದೊಂದರ ನಡುವೆಯೂ ಹೆಬ್ಬೆರಳು ಒತ್ತಿದಳು. ಕುಳಿ ಬಿತ್ತು. ಅದರಲ್ಲಿ ಏನನ್ನೂ ಇಡದೆ ಇಬ್ಬರ ಮುಂದೆಯೂ ಒಟ್ಟಿಗೇ ಸರಿಸಿದಳು.

"ತಿನ್ರಿ, ಆರತಾವ," ಎಂದಳು.

ಹಂಪೇಶ ತುಂಡು ಮುರಿಯುವ ಮೊದಲು, ಯಾವ ಕುಳಿ ಹೆಚ್ಚು ಆಳ ಎಂದು ತಿಳಿಯಲು, ತಲೆ ಎತ್ತದೆಯೇ ಅಣ್ಣನ ತಟ್ಟೆಯ ಕಡೆ ಕಣ್ಣು ಹೊರಳಿಸಿದ. ಅಣ್ಣನ ಕಣ್ಣು ಆಗಲೇ ಇವನ ತಟ್ಟೆಯ ಮೇಲಿತ್ತು.